ಹಲ್ಲಿನ ಇಂಜೆಕ್ಷನ್ ಆದಮೇಲೆ ಏನೇನೋ ಆಗ್ತಿದೆಯಾ? ಮೊದಲು ಗಡಿಯಾರ ನೋಡಿ

ಕೆಳದವಡೆಯ ಹಲ್ಲಿಗೆ ಇಂಜೆಕ್ಷನ್ ಕೊಟ್ಟು ಐದು ನಿಮಿಷ ಆಗಿತ್ತು. ತುಟಿ ಮರಗಟ್ಟಬೇಕಿತ್ತು, ಮರಗಟ್ಟಲಿಲ್ಲ. ಅದರ ಬದಲು ಬಲಗಣ್ಣಿನ ರೆಪ್ಪೆ ನನ್ನ ಮಾತು ಕೇಳುವುದನ್ನೇ ನಿಲ್ಲಿಸಿತು. ಮುಚ್ಚು ಅಂದರೆ ಎಡಗಣ್ಣು ಮಾತ್ರ ಮುಚ್ಚುತ್ತದೆ, ಬಲಗಣ್ಣು ದೀಪದ ಕಡೆ ಬಿಟ್ಟಕಣ್ಣಾಗಿ ನೋಡುತ್ತಲೇ ಇದೆ. ಕನ್ನಡಿ ಕೇಳಿ ತೆಗೆದುಕೊಂಡೆ. ಬಾಯಿ ಒಂದು ಕಡೆಗೆ ವಾಲಿತ್ತು. ಲಕ್ವ ಹೊಡೆಯಿತು, ಮುಗೀತು ಕಥೆ ಅಂದುಕೊಂಡೆ.

ಲಕ್ವ ಅಲ್ಲ. ಸೂಜಿ ಸ್ವಲ್ಪ ಹಿಂದಕ್ಕೆ ಹೋಗಿ, ಕಿವಿಯ ಮುಂದೆ ಇರುವ ಜೊಲ್ಲಿನ ಗ್ರಂಥಿಯೊಳಗೆ ಮದ್ದು ಸೇರಿತ್ತು. ಮುಖದ ಸ್ನಾಯುಗಳನ್ನು ಆಡಿಸುವ ನರ ಆ ಗ್ರಂಥಿಯ ಮಧ್ಯೆಯೇ ಹಾದುಹೋಗುತ್ತದೆ. ಹಲ್ಲಿನ ನರ ಮಲಗಬೇಕಾದ ಕಡೆ ಮುಖದ ನರ ಮಲಗಿತು, ಅಷ್ಟೇ. ಎರಡೂವರೆ ಗಂಟೆಯಲ್ಲಿ ಎಲ್ಲ ಸರಿಹೋಯಿತು. ಆದರೆ ಹೀಗೂ ಆಗಬಹುದು ಅಂತ ಯಾರೂ ಮೊದಲೇ ಹೇಳಿರಲಿಲ್ಲವಲ್ಲ, ಆ ಸಿಟ್ಟು ಮಾತ್ರ ಸರಿಹೋಗಲು ಜಾಸ್ತಿ ದಿನ ಬೇಕಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಹೆದರಿಕೆಯಿಂದ ಕೂತು ಓದಿ, ಕೇಳಿ, ತಿಳಿದುಕೊಂಡವನು.

ತಿಳಿದುಕೊಂಡದ್ದರಲ್ಲಿ ತುಂಬಾ ಕೆಲಸಕ್ಕೆ ಬಂದ ವಿಷಯ ಒಂದೇ. ಈ ಇಂಜೆಕ್ಷನ್‌ನ ಪ್ರತಿಯೊಂದು ತೊಂದರೆಗೂ ತನ್ನದೇ ಒಂದು ಹೊತ್ತಿದೆ. ಕೆಲವು ಮದ್ದು ಹೋಗುತ್ತಿರುವಾಗಲೇ ಬರುತ್ತವೆ, ಕೆಲವು ಮನೆಗೆ ಬಂದ ಮೇಲೆ, ಕೆಲವು ಎರಡು ದಿನ ಬಿಟ್ಟು. ಏನಾಯಿತು ಅನ್ನುವುದಕ್ಕಿಂತ ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಾಗಾಗಿ ಮೊದಲ ಕೆಲಸ: ಇಂಜೆಕ್ಷನ್ ಕೊಟ್ಟ ಸಮಯವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಇಂಜೆಕ್ಷನ್ ಮದ್ದಿನ ಆ ಸಣ್ಣ ಟ್ಯೂಬಿನಲ್ಲಿ ಏನಿರುತ್ತದೆ

ಸಾಮಾನ್ಯವಾಗಿ ಲಿಡೋಕೇಯ್ನ್ ಅನ್ನುವ ಮರಗಟ್ಟಿಸುವ ಮದ್ದು, ಜೊತೆಗೆ ಚೂರು ಅಡ್ರಿನಲಿನ್. 1.8 ಮಿಲಿಲೀಟರ್‌ನ ಒಂದು ಟ್ಯೂಬಿನಲ್ಲಿ 2 ಪರ್ಸೆಂಟ್ ಲಿಡೋಕೇಯ್ನ್ ಅಂದರೆ 36 ಮಿಲಿಗ್ರಾಂ ಮದ್ದು. ಅಡ್ರಿನಲಿನ್ ಲಕ್ಷಕ್ಕೆ ಒಂದು ಪಾಲು ಇದ್ದರೆ ಅದು ಬರೀ 18 ಮೈಕ್ರೋಗ್ರಾಂ. ಇಷ್ಟು ಕಮ್ಮಿ ಇದ್ದರೂ ಎದೆ ಡವಡವ ಅನ್ನಿಸುವುದು ಇದೇ.

ಮತ್ತೆ ಅದನ್ನು ಯಾಕೆ ಹಾಕುತ್ತಾರೆ? ಲಿಡೋಕೇಯ್ನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹಿಗ್ಗಿದ ನಾಳದಲ್ಲಿ ರಕ್ತ ಜಾಸ್ತಿ ಹರಿದು ಮದ್ದನ್ನು ಬೇಗ ಕೊಚ್ಚಿಕೊಂಡು ಹೋಗುತ್ತದೆ. ಅಡ್ರಿನಲಿನ್ ನಾಳಗಳನ್ನು ಬಿಗಿ ಮಾಡಿ ಮದ್ದನ್ನು ಅಲ್ಲೇ ಹಿಡಿದಿಡುತ್ತದೆ, ರಕ್ತವೂ ಕಮ್ಮಿ ಸೋರುತ್ತದೆ. ಈ ಜೋಡಿಯಲ್ಲಿ ಹಲ್ಲು ಸುಮಾರು ಒಂದು ಗಂಟೆ ಮರಗಟ್ಟಿರುತ್ತದೆ, ತುಟಿ ನಾಲಿಗೆ ಮೂರರಿಂದ ಐದು ಗಂಟೆ. ಈ ಲೆಕ್ಕ ನೆನಪಿರಲಿ. ಕೆಲಸ ಮುಗಿದು ಎರಡು ಗಂಟೆ ಆದರೂ ತುಟಿ ಇನ್ನೂ ಮರದ ಹಾಗಿದೆ ಅಂತ ಗಾಬರಿಯಾಗುವವರು ತುಂಬಾ ಜನ. ಅದು ಸರಿಯಾಗೇ ಇದೆ. ಬ್ಯುಪಿವಕೇಯ್ನ್ ಅಂತ ಇನ್ನೊಂದು ಮದ್ದಿದೆ, ದೊಡ್ಡ ಕೆಲಸ ಇದ್ದಾಗ ಕೊಡುತ್ತಾರೆ, ಅದು ಇನ್ನೂ ಜಾಸ್ತಿ ಹೊತ್ತು ಇರುತ್ತದೆ. ಯಾವ ಮದ್ದು ಕೊಟ್ಟಿರಿ ಅಂತ ಕೇಳಿ ಬರೆದುಕೊಳ್ಳಿ. ಕೇಳುವುದರಲ್ಲಿ ಸಂಕೋಚ ಏನಿಲ್ಲ, ನಿಮ್ಮ ಬಾಯಿ ಅಲ್ವಾ?

ಕುರ್ಚಿ ಮೇಲೆ ಕೂರುವ ಮುಂಚೆ

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ. ಪೂರ್ತಿ ನಿದ್ದೆ ಬರಿಸುವ ಅರಿವಳಿಕೆಗೆ ಖಾಲಿ ಹೊಟ್ಟೆ ಬೇಕು, ಬರೀ ವಸಡಿಗೆ ಕೊಡುವ ಇಂಜೆಕ್ಷನ್‌ಗೆ ಬೇಡ. ಹಸಿವು, ನಿದ್ದೆಗೇಡು, ಹೆದರಿಕೆ ಮೂರೂ ಸೇರಿದರೆ ತಲೆ ಸುತ್ತುವುದು ಹೆಚ್ಚು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿ ಹೋಗಲೇಬಾರದು. ಆಮೇಲೆ ಮೂರು ನಾಲ್ಕು ಗಂಟೆ ಸರಿಯಾಗಿ ತಿನ್ನಲು ಆಗುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಾತ್ರೆಗಳ ಪಟ್ಟಿಯನ್ನು ಪೂರ್ತಿ ಹೇಳಿ. ಹಲ್ಲಿಗೂ ಇದಕ್ಕೂ ಏನು ಸಂಬಂಧ ಅಂತ ನೀವೇ ತೀರ್ಮಾನ ಮಾಡಿ ಬಿಟ್ಟುಬಿಡಬೇಡಿ. ಪ್ರೊಪ್ರನಲಾಲ್ ಅನ್ನುವ ಮಾತ್ರೆಯನ್ನೇ ನೋಡಿ, ಕೆಲವರು ಅದನ್ನು ಬರೀ ಮೈಗ್ರೇನ್ ತಲೆನೋವಿಗೋ ಕೈನಡುಕಕ್ಕೋ ತೆಗೆದುಕೊಳ್ಳುತ್ತಿರುತ್ತಾರೆ, ಹೃದಯದ ತೊಂದರೆ ಇದೆಯಾ ಅಂದರೆ ಇಲ್ಲ ಅಂತಲೇ ಹೇಳುತ್ತಾರೆ. ಆದರೆ ಅದರ ಜೊತೆ ಅಡ್ರಿನಲಿನ್ ಸೇರಿದರೆ ಬಿಪಿ ಏರಿ ನಾಡಿ ನಿಧಾನ ಆಗಬಹುದು. ಅಮಿಟ್ರಿಪ್ಟಿಲಿನ್ ಥರದ ಹಳೆಯ ಖಿನ್ನತೆಯ ಮಾತ್ರೆಗಳು ಅಡ್ರಿನಲಿನ್ ಪ್ರಭಾವವನ್ನು ಹೆಚ್ಚಿಸುತ್ತವೆ. ಹಾಗಂತ ಹಲ್ಲಿನ ಕೆಲಸ ಇದೆ ಅಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಹೇಳಿದರೆ ಡಾಕ್ಟರು ಅಡ್ರಿನಲಿನ್ ಕಮ್ಮಿ ಮಾಡುತ್ತಾರೆ, ಇಲ್ಲವೇ ಅದಿಲ್ಲದ ಮೆಪಿವಕೇಯ್ನ್ ಅನ್ನುವ ಮರಗಟ್ಟಿಸುವ ಮದ್ದು ಕೊಡುತ್ತಾರೆ. ಹೃದಯದ ಕಾಯಿಲೆ ಇರುವವರಿಗೆ ಒಂದು ಸಲಕ್ಕೆ ಅಡ್ರಿನಲಿನ್ ಸುಮಾರು 40 ಮೈಕ್ರೋಗ್ರಾಂ ದಾಟದ ಹಾಗೆ ನೋಡಿಕೊಳ್ಳುವುದು ರೂಢಿ. ಮೇಲಿನ ಲೆಕ್ಕದಲ್ಲಿ ಅದು ಎರಡು ಟ್ಯೂಬು.

ಹತೋಟಿಗೆ ಬಾರದ ಥೈರಾಯ್ಡ್, ರಕ್ತ ತೆಳು ಮಾಡುವ ಮಾತ್ರೆ, ಆಸ್ತಮಾ, ಬಸಿರು, ಹಿಂದೆ ಸೂಜಿ ನೋಡಿ ಬಿದ್ದದ್ದು, ಎಲ್ಲ ಹೇಳಿ. ಬಸಿರಿನಲ್ಲಿ ಲಿಡೋಕೇಯ್ನ್ ಕೊಡುವುದು ವಾಡಿಕೆಯೇ, ಅದಕ್ಕಾಗಿ ಹಲ್ಲುನೋವನ್ನು ತಿಂಗಳುಗಟ್ಟಲೆ ನುಂಗಿಕೊಂಡು ಕೂರಬೇಕಿಲ್ಲ. ಮಗುವನ್ನು ಕರೆದುಕೊಂಡು ಹೋಗುವುದಾದರೆ ಅದೇ ವಾರ ತೂಕ ನೋಡಿಕೊಂಡು ಹೋಗಿ. ಮಕ್ಕಳಿಗೆ ಮದ್ದಿನ ಅಳತೆ ತೂಕದ ಮೇಲೇ ಇರುವುದು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆವತ್ತು ಕನ್ನಡಕ ಹಾಕಿಕೊಂಡು ಹೋಗಿ. ಯಾಕೆ ಅಂತ ನನ್ನ ಬಲಗಣ್ಣನ್ನು ಕೇಳಿ.

ಕುರ್ಚಿ ಮೇಲಿದ್ದಾಗ

ಎದೆ ಬಡಿತ ಜೋರಾಗುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಸುಮ್ಸುಮ್ನೆ ಅಳು ಬರುತ್ತದೆ. ಮದ್ದು ಹೋದ ಒಂದೆರಡು ನಿಮಿಷದಲ್ಲಿ ಶುರುವಾಗಿ ಐದು ಹತ್ತು ನಿಮಿಷದಲ್ಲಿ ಇಳಿದರೆ ಅದು ಅಡ್ರಿನಲಿನ್ ಕೆಲಸ. ಅರ್ಧ ಅದರದ್ದು, ಇನ್ನರ್ಧ ಹೆದರಿಕೆಗೆ ನಿಮ್ಮ ದೇಹವೇ ಸುರಿಸಿಕೊಂಡ ಅಡ್ರಿನಲಿನ್. ಮೂಗಿನಿಂದ ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡಿ, ಕೈ ಎತ್ತಿ ಡಾಕ್ಟರಿಗೆ ತಿಳಿಸಿ, ಇಳಿಯುವವರೆಗೆ ಕಾಯಲು ಹೇಳಿ. ಎಷ್ಟೋ ಜನ ಇದನ್ನೇ 'ನನಗೆ ಆ ಇಂಜೆಕ್ಷನ್ ಅಲರ್ಜಿ' ಅಂತ ಜೀವನಪೂರ್ತಿ ಹೇಳಿಕೊಂಡು ಓಡಾಡುತ್ತಾರೆ. ಅಲರ್ಜಿ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಎದೆನೋವು ಬಂದರೆ, ಅಥವಾ ಬಡಿತ ಇಳಿಯದೆ ಹಾಗೇ ಇದ್ದರೆ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ತಕ್ಷಣ ಹೇಳಿ.

ತಲೆ ಸುತ್ತಿ ಬೀಳುವುದು. ಹಲ್ಲಿನ ಕುರ್ಚಿಯಲ್ಲಿ ಆಗುವ ತುರ್ತು ಸಂಗತಿಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ ಇದು. ಮದ್ದಿಗಿಂತ ಸೂಜಿಯ ಹೆದರಿಕೆಯದ್ದೇ ಪಾಲು ಜಾಸ್ತಿ, ಗಟ್ಟಿಮುಟ್ಟಾದ ಯುವಕರೇ ಇದರಲ್ಲಿ ಮುಂದೆ. ಮುನ್ಸೂಚನೆ ಇರುತ್ತದೆ: ಮೈ ಬಿಸಿಯಾದ ಹಾಗೆ, ತಣ್ಣನೆ ಬೆವರು, ಆಕಳಿಕೆ, ವಾಕರಿಕೆ, ಕಿವಿ ಗುಂಯ್, ಕಣ್ಣಿಗೆ ಕತ್ತಲೆ. ಆ ಕ್ಷಣದಲ್ಲೇ ಬಾಯಿ ಬಿಡಿ. ತಡೆದುಕೊಂಡು ಧೈರ್ಯ ತೋರಿಸಲು ಇದು ಜಾಗ ಅಲ್ಲ. ಕುರ್ಚಿಯನ್ನು ಮಟ್ಟಸವಾಗಿ ಮಲಗಿಸಿ ಕಾಲು ಸ್ವಲ್ಪ ಮೇಲೆತ್ತಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ದಿನ ತುಂಬಿದ ಬಸುರಿಯಾದರೆ ಎಡಮಗ್ಗುಲಿಗೆ ತಿರುಗಿಸಬೇಕು. ಎದ್ದ ಮೇಲೆ ತಕ್ಷಣ ನಿಲ್ಲಬೇಡಿ, ಎರಡನೇ ಸಲ ಬೀಳುವುದು ಆಗಲೇ.

ಸೂಜಿ ಒಳಗೆ ಹೋದಾಗ ನಾಲಿಗೆಗೋ ತುಟಿಗೋ ಕರೆಂಟ್ ಹೊಡೆದ ಹಾಗಾದರೆ ಸೂಜಿ ನರಕ್ಕೆ ತಾಗಿದೆ ಅಂತ ಅರ್ಥ. ತಲೆ ಆಡಿಸಬೇಡಿ, ಶಬ್ದ ಮಾಡಿ ತಿಳಿಸಿ. ಡಾಕ್ಟರು ಸೂಜಿಯನ್ನು ಚೂರು ಹಿಂದಕ್ಕೆ ತೆಗೆದು ಜಾಗ ಬದಲಿಸುತ್ತಾರೆ. ಮನೆಗೆ ಬಂದು ಇದನ್ನೂ ಬರೆದಿಡಿ, ಮುಂದೆ ಮರಗಟ್ಟಿದ್ದು ಬಿಡದಿದ್ದರೆ ಬೇಕಾಗುತ್ತದೆ.

ಗಂಟಲು ಮರಗಟ್ಟಿ ಉಗುಳು ನುಂಗಲು ಆಗುತ್ತಿಲ್ಲ ಅನಿಸಬಹುದು. ಮೂಗಿನ ಪಕ್ಕ ಮರಗಟ್ಟಿ ಉಸಿರೇ ಹೋಗುತ್ತಿಲ್ಲ ಅನಿಸಬಹುದು. ಎರಡರಲ್ಲೂ ಕೆಲಸ ನಡೆಯುತ್ತಿರುತ್ತದೆ, ಅದರ ಸುದ್ದಿ ಮಾತ್ರ ಮಿದುಳಿಗೆ ತಲುಪುತ್ತಿರುವುದಿಲ್ಲ. ಅಂಗೈಯನ್ನು ಮೂಗಿನ ಮುಂದೆ ಹಿಡಿದು ನೋಡಿ, ಗಾಳಿ ತಾಗುತ್ತದೆ. ಕೆನ್ನೆ ಮೇಲೋ ಅಂಗುಳಿನಲ್ಲೋ ಚರ್ಮ ಸುಣ್ಣ ಬಳಿದ ಹಾಗೆ ಬಿಳುಚುವುದು ನಾಳಗಳು ಬಿಗಿಯಾದ್ದರಿಂದ, ಅದು ತಾನೇ ಹೋಗುತ್ತದೆ. ನಾಲಿಗೆಗೆ ಕಹಿ ಹತ್ತಿದರೆ ಮದ್ದು ಒಂದು ತೊಟ್ಟು ಸೋರಿದೆ ಅಷ್ಟೇ.

ಕಣ್ಣು, ಮುಖ

ನನ್ನ ಹಾಗೆ ರೆಪ್ಪೆ ಮುಚ್ಚದೆ ಬಾಯಿ ವಾಲಿದರೆ ಮಾಡಬೇಕಾದ್ದು ಹೀಗೆ. ಡಾಕ್ಟರಿಗೆ ಹೇಳಿ. ಲೆನ್ಸ್ ಇದ್ದರೆ ತೆಗೆಸಿ. ಕಣ್ಣು ಒಣಗದ ಹಾಗೆ ಆಗಾಗ ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು ಮುಚ್ಚಿ, ಕಣ್ಣೀರಿನ ಥರದ ಹನಿಮದ್ದು ಇದ್ದರೆ ಹಾಕಿಸಿಕೊಳ್ಳಿ, ಹೊರಗೆ ಹೋಗುವಾಗ ಧೂಳು ಬೀಳದ ಹಾಗೆ ಮುಚ್ಚಿಕೊಳ್ಳಿ. ಗಾಡಿ ಓಡಿಸಬೇಡಿ. ಮದ್ದು ಇಳಿದ ಹಾಗೆ ಕೆಲವು ಗಂಟೆಗಳಲ್ಲಿ ಮುಖ ವಾಪಸು ಬರುತ್ತದೆ.

ಆದರೆ ಒಂದು ಎಚ್ಚರ. ಇಂಜೆಕ್ಷನ್ ಆದದ್ದರಿಂದಲೇ ಹೀಗಾಯಿತು ಅಂತ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ. ಕೈ ಅಥವಾ ಕಾಲು ಬಲ ಕಳೆದುಕೊಂಡರೆ, ಮಾತು ಬರೀ ತೊದಲುವುದಲ್ಲದೆ ಪದಗಳೇ ಸಿಗದೆ ಹೋದರೆ, ಗಲಿಬಿಲಿ ಆದರೆ, ಅದು ಹಲ್ಲಿನ ವಿಷಯ ಅಲ್ಲ, ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ಒಂದು ದಿನ ಆದಮೇಲೂ ಮುಖ ಸರಿಯಾಗದಿದ್ದರೆ, ಇಲ್ಲವೇ ಚೆನ್ನಾಗೇ ಇದ್ದು ಎರಡು ಮೂರು ದಿನ ಬಿಟ್ಟು ವಾಲಿದರೆ, ಅದನ್ನೂ ಡಾಕ್ಟರು ನೋಡಬೇಕು.

ತೀರಾ ಅಪರೂಪಕ್ಕೆ ಮದ್ದು ರಕ್ತನಾಳದೊಳಗೆ ಸೇರಿ ಅಥವಾ ಮೇಲ್ದವಡೆಯ ಹಿಂಭಾಗದಿಂದ ಹರಡಿ ಕಣ್ಣಿನ ತನಕ ಹೋಗುತ್ತದೆ. ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು, ಕಣ್ಣು ಮಂಜಾಗುವುದು. ಹಲ್ಲಿಗೂ ಕಣ್ಣಿಗೂ ಏನಪ್ಪಾ ನಂಟು ಅಂತ ನಾನೂ ನಂಬಿರಲಿಲ್ಲ. ಸಾಮಾನ್ಯವಾಗಿ ಮರಗಟ್ಟಿದ್ದು ಬಿಡುವ ಹೊತ್ತಿಗೆ ಇದೂ ಬಿಡುತ್ತದೆ, ಅಲ್ಲಿಯ ತನಕ ಒಂದು ಕಣ್ಣನ್ನು ಮುಚ್ಚಿಟ್ಟುಕೊಂಡರೆ ಎರಡೆರಡು ಕಾಣುವ ಹಿಂಸೆ ತಪ್ಪುತ್ತದೆ. ದೃಷ್ಟಿಯೇ ಹೋದರೆ ಮಾತ್ರ ಕಾಯುತ್ತಾ ಕೂರಬಾರದು, ಡಾಕ್ಟರು ಆಗಲೇ ಕಣ್ಣಿನ ವೈದ್ಯರ ಜೊತೆ ಮಾತಾಡಬೇಕು.

ಮನೆಗೆ ಬಂದ ಮೊದಲ ಐದು ಗಂಟೆ

ಈ ಹೊತ್ತಿನಲ್ಲಿ ನಿಮಗೆ ಆಗುವ ಹಾನಿ ಬಹುಪಾಲು ನೀವೇ ಮಾಡಿಕೊಳ್ಳುವುದು. ನೋವು ಅನ್ನುವ ಕಾವಲುಗಾರ ರಜೆ ಮೇಲಿದ್ದಾನೆ. ಕೆನ್ನೆಯ ಒಳಭಾಗವನ್ನು ಕಚ್ಚಿದರೂ ಗೊತ್ತಾಗುವುದಿಲ್ಲ, ನಾಲಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಬಿಸಿ ಬೇಡ, ಅಗಿಯುವುದು ಬೇಡ, ಸಿಗರೇಟು ಅಂತೂ ಬೇಡವೇ ಬೇಡ. ಹಸಿವಾದರೆ ತಣ್ಣಗಿನ, ಅಗಿಯದೆ ನುಂಗುವಂಥದ್ದು. ನೀರು ಕುಡಿದರೆ ಗದ್ದದ ಮೇಲೆ ಸುರಿಯುತ್ತದೆ, ಟವೆಲ್ ಇಟ್ಟುಕೊಳ್ಳಿ, ನಾಚಿಕೆ ಬೇಡ.

ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಮೊದಲನೆಯದನ್ನು ಮರಗಟ್ಟಿದ್ದು ಪೂರ್ತಿ ಬಿಡುವ ಮುಂಚೆ ತೆಗೆದುಕೊಳ್ಳಬಹುದಾ ಅಂತ ಹೊರಡುವಾಗಲೇ ಕೇಳಿಕೊಳ್ಳಿ. ನೋವು ಶುರುವಾದ ಮೇಲೆ ಮಾತ್ರೆ ನುಂಗಿ ಅದು ಕೆಲಸ ಮಾಡುವ ತನಕ ಕಾಯುವ ಅರ್ಧ ಗಂಟೆ ಇದೆಯಲ್ಲ, ಅದರಷ್ಟು ಉದ್ದದ ಅರ್ಧ ಗಂಟೆ ಇನ್ನೊಂದಿಲ್ಲ.

ಮಕ್ಕಳ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ಮಕ್ಕಳಿಗೆ ಈ ಮರಗಟ್ಟಿದ ತುಟಿ ಒಂದು ಆಟದ ಸಾಮಾನು. ಚೀಪುತ್ತಾರೆ, ಕಚ್ಚುತ್ತಾರೆ, ಉಗುರಿನಿಂದ ಕೀಳುತ್ತಾರೆ, ನೋವಿಲ್ಲವಲ್ಲ! ಸಂಜೆ ಹೊತ್ತಿಗೆ ತುಟಿ ಊದಿ ದಪ್ಪ ಆಗಿರುತ್ತದೆ, ಮಾರನೇ ದಿನ ಅದರ ಮೇಲೆ ಬಿಳಿ ಪೊರೆ. ನೋಡಿದ ತಕ್ಷಣ ಎಲ್ಲರೂ ಕೀವು ಅಂದುಕೊಳ್ಳುತ್ತಾರೆ, ಇಂಜೆಕ್ಷನ್ ನಂಜಾಯಿತು ಅಂತ ಡಾಕ್ಟರ ಮೇಲೆ ಹರಿಹಾಯುತ್ತಾರೆ. ಅದು ಕಚ್ಚಿದ ಗಾಯ ವಾಸಿಯಾಗುತ್ತಿರುವ ಪೊರೆ. ಒಂದೆರಡು ವಾರದಲ್ಲಿ ಹೋಗುತ್ತದೆ. ಕೀಳಬೇಡಿ, ಉಜ್ಜಬೇಡಿ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ತುಟಿ ಒಣಗದ ಹಾಗೆ ವ್ಯಾಸಲೀನ್ ಹಚ್ಚಿ. ಜ್ವರ ಬಂದರೆ, ಊತ ದಿನೇ ದಿನೇ ಏರುತ್ತಿದ್ದರೆ ಮಾತ್ರ ತೋರಿಸಿ.

ಇದನ್ನು ತಪ್ಪಿಸುವ ದಾರಿ ಸುಮ್ನೆ ಕಾವಲು ಕಾಯುವುದು. 'ಕಚ್ಚಬೇಡ' ಅಂತ ಹತ್ತು ಸಲ ಹೇಳಿದರೆ ಮಗುವಿಗೆ ಅದೇ ನೆನಪಾಗುತ್ತಿರುತ್ತದೆ. ಹಲ್ಲುಗಳ ಮಧ್ಯೆ ಹತ್ತಿಯ ಉಂಡೆ ಇಟ್ಟು ಕಳಿಸುವ ಡಾಕ್ಟರುಗಳಿದ್ದಾರೆ, ಗಂಟಲಿಗೆ ಹೋಗದ ಹಾಗೆ ನೀವು ಪಕ್ಕದಲ್ಲೇ ಇರಬೇಕು. ಮಲಗಿಸುವ ಆಸೆ ಬರುತ್ತದೆ, ಆದರೆ ನಿದ್ದೆಯಲ್ಲೂ ಕಚ್ಚುತ್ತಾರೆ. ಮರಗಟ್ಟಿದ್ದನ್ನು ಬೇಗ ಬಿಡಿಸುವ ಇಂಜೆಕ್ಷನ್ ಕೂಡ ಇದೆ, ಫೆಂಟೋಲಮೀನ್ ಅಂತ. 2008ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಬಿಗಿಯಾದ ನಾಳಗಳನ್ನು ಮತ್ತೆ ಹಿಗ್ಗಿಸಿ ಮದ್ದನ್ನು ಬೇಗ ಹೊರಗೆ ಸಾಗಿಸುತ್ತದೆ. ಎಲ್ಲ ಕಡೆ ಸಿಗುವುದಿಲ್ಲ, ಕೇಳಿ ನೋಡಬಹುದು.

ಹಲ್ಲು ಬರುವ ಕೂಸುಗಳ ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚುವವರು ಇದೊಂದನ್ನು ಓದಿ. ಬೆಂಜೋಕೇಯ್ನ್ ಇರುವ ಜೆಲ್ ಅನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನು ಅದು ಕುಗ್ಗಿಸಬಲ್ಲದು. ಪ್ರೈಲೋಕೇಯ್ನ್ ಅನ್ನುವ ಇಂಜೆಕ್ಷನ್ ಮದ್ದು ಜಾಸ್ತಿ ಆದರೂ ಇದೇ ತೊಂದರೆ, ಅದೂ ಕುರ್ಚಿಯಲ್ಲಿ ಅಲ್ಲ, ಕೆಲವು ಗಂಟೆ ಬಿಟ್ಟು. ತುಟಿ ಉಗುರು ಬೂದು ನೀಲಿ, ಸುಸ್ತು, ಏದುಸಿರು ಕಂಡರೆ ಆಸ್ಪತ್ರೆಗೆ ಓಡಿ, ಯಾವ ಮದ್ದು ಅಂತ ಅಲ್ಲಿ ಹೇಳಿ. ಅದಕ್ಕೆ ಮಿಥಿಲೀನ್ ಬ್ಲೂ ಅನ್ನುವ ಮದ್ದಿದೆ.

ಮಾರನೇ ದಿನದಿಂದ

ಕೆಲವೇ ನಿಮಿಷದಲ್ಲಿ ಕೆನ್ನೆ ಊದಿ ಆಮೇಲೆ ನೀಲಿಗಟ್ಟಿದರೆ ಸೂಜಿ ಒಂದು ನಾಳವನ್ನು ಚುಚ್ಚಿ ರಕ್ತ ಒಳಗೇ ಸೋರಿದೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಮಾರನೇ ದಿನದಿಂದ ಶಾಖ. ಇದನ್ನು ಉಲ್ಟಾ ಮಾಡಬೇಡಿ, ಮೊದಲ ದಿನವೇ ಶಾಖ ಕೊಟ್ಟರೆ ಇನ್ನಷ್ಟು ಸೋರುತ್ತದೆ. ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ, ಹೀಗೆ ಒಂದರಿಂದ ಎರಡು ವಾರ.

ಬಾಯಿ ತೆರೆಯಲು ಆಗದಿರುವುದು ಎಲ್ಲಕ್ಕಿಂತ ಜಾಸ್ತಿ ಜನರನ್ನು ಕಂಗಾಲು ಮಾಡುವಂಥದ್ದು, ಯಾಕೆಂದರೆ ಅದು ಬರುವುದು ಎಲ್ಲ ಸರಿಹೋಯಿತು ಅಂದುಕೊಂಡ ಮೇಲೆ. ಕೆಳದವಡೆಗೆ ಇಂಜೆಕ್ಷನ್ ಕೊಡುವಾಗ ಸೂಜಿ ಅಗಿಯುವ ಸ್ನಾಯುವನ್ನು ಚುಚ್ಚಿರುತ್ತದೆ, ಒಂದೆರಡು ದಿನ ಬಿಟ್ಟು ಆ ಸ್ನಾಯು ಬಿಗಿದುಕೊಳ್ಳುತ್ತದೆ. ಎರಡು ಬೆರಳು ಕೂಡ ಹಿಡಿಸುವುದಿಲ್ಲ. ನೋವು ಅಂತ ಬಾಯಿ ಮುಚ್ಚಿಕೊಂಡು ಕೂತರೆ ಇನ್ನೂ ಬಿಗಿಯಾಗುತ್ತದೆ, ಹಾಗಾಗಿ ಆಡಿಸುತ್ತಲೇ ಇರಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಗಂಟೆಗೊಮ್ಮೆ 20 ನಿಮಿಷ ಇಡಿ, ಚರ್ಮ ಸುಡುವಷ್ಟು ಬೇಡ. ಮೂರು ನಾಲ್ಕು ಗಂಟೆಗೊಮ್ಮೆ ಐದು ನಿಮಿಷ ಬಾಯಿ ತೆರೆಯುವುದು, ಮುಚ್ಚುವುದು, ದವಡೆಯನ್ನು ಅತ್ತಿತ್ತ ಆಡಿಸುವುದು. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿದರೂ ಅದೇ ವ್ಯಾಯಾಮ. ಮೆತ್ತಗಿನ ಊಟ. ದಿನಾ ಬೆಳಿಗ್ಗೆ ಎಷ್ಟು ಬೆರಳು ಹಿಡಿಸುತ್ತದೆ ಅಂತ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಚೂರಾದರೂ ಸಡಿಲ ಆಗಬೇಕು. ಆಗದಿದ್ದರೆ, ಅಥವಾ ಜ್ವರ, ನುಂಗಲು ಕಷ್ಟ, ಗಂಟಲ ಕಡೆ ಊತ ಇದ್ದರೆ ಸೋಂಕು ಇರಬಹುದು, ಆಗ ವ್ಯಾಯಾಮ ಮಾಡುತ್ತಾ ಕೂರಬೇಡಿ.

ಎರಡನೇ ದಿನದ ಸುಮಾರಿಗೆ ಸೂಜಿ ಚುಚ್ಚಿದ ಕಡೆ ಹುಣ್ಣು ಏಳಬಹುದು, ಬಾಯಿಹುಣ್ಣು ಆಗಾಗ ಬರುವವರಿಗೆ ಹೆಚ್ಚು. ಉರಿಯುತ್ತದೆ, ವಾರ ಹತ್ತು ದಿನದಲ್ಲಿ ಹೋಗುತ್ತದೆ.

ಮರಗಟ್ಟಿದ್ದು ಬಿಡದೇ ಹೋದರೆ

ಮಾರನೇ ದಿನ ಎದ್ದಾಗಲೂ ನಾಲಿಗೆಯ ಒಂದು ಪಕ್ಕ ಜುಮುಜುಮು ಅನ್ನುತ್ತಿದ್ದರೆ, ರುಚಿ ಗೊತ್ತಾಗದಿದ್ದರೆ, ಆವತ್ತೇ ಫೋನ್ ಮಾಡಿ. ಸುಮ್ನೆ ಕಾದು ನೋಡೋಣ ಅನ್ನುವುದಕ್ಕಿಂತ ದಾಖಲೆಯಲ್ಲಿ ತಾರೀಖು ಬರೆಸುವುದು ಮುಖ್ಯ. ತುಟಿಗಿಂತ ನಾಲಿಗೆಯ ನರಕ್ಕೇ ಇದು ಹೆಚ್ಚು. ಸೂಜಿ ತಾಗಿಯೋ, ಒಳಗೆ ರಕ್ತ ಸೋರಿ ಒತ್ತಿಯೋ, ಮದ್ದಿನಿಂದಲೇ ನರ ಕೆರಳಿಯೋ ಆಗಿರಬಹುದು. ಆರ್ಟಿಕೇಯ್ನ್ ಥರದ 4 ಪರ್ಸೆಂಟ್ ಮದ್ದಿನಲ್ಲಿ ಇದು ಜಾಸ್ತಿಯಾ ಅನ್ನುವ ವಾದ ವರ್ಷಗಳಿಂದ ನಡೆಯುತ್ತಲೇ ಇದೆ, ಡಾಕ್ಟರುಗಳಲ್ಲೇ ಒಮ್ಮತ ಇಲ್ಲ.

ಬಹುಪಾಲು ಜನರಿಗೆ ಸುಮಾರು 8 ವಾರದೊಳಗೆ ತಾನಾಗೇ ಸರಿಹೋಗುತ್ತದೆ. ಕಾಯುವಾಗ ಹೀಗೆ ಮಾಡಿ: ವಾರಕ್ಕೊಮ್ಮೆ ಕನ್ನಡಿ ಮುಂದೆ ನಿಂತು ಹತ್ತಿ ಸುತ್ತಿದ ಕಡ್ಡಿಯಿಂದ ಮುಟ್ಟಿ ಮುಟ್ಟಿ, ಎಲ್ಲಿಂದ ಎಲ್ಲಿಯ ತನಕ ಗೊತ್ತಾಗುತ್ತಿಲ್ಲ ಅಂತ ಒಂದು ಚಿತ್ರ ಬರೆದು ಗುರುತು ಹಾಕಿ. ಅಂಚು ಕುಗ್ಗುತ್ತಾ ಬಂದರೆ, ಮರಗಟ್ಟಿದ್ದು ಜುಮುಜುಮು ಆಗಿ ಬದಲಾದರೆ, ನರ ಎಚ್ಚರ ಆಗುತ್ತಿದೆ. ಎರಡು ತಿಂಗಳಾದರೂ ಗೆರೆ ಕದಲದಿದ್ದರೆ ಬಾಯಿ ಮತ್ತು ದವಡೆಯ ಸರ್ಜನ್ ಹತ್ತಿರ ಕಳಿಸಿ ಅಂತ ಕೇಳಿ. ಉರಿ, ಚುಚ್ಚುವ ನೋವು ಇದ್ದರೆ ಅಷ್ಟು ದಿನ ಕೂಡ ಕಾಯಬೇಡಿ. ಅದೇ ಕಡೆ ಮತ್ತೆ ಇಂಜೆಕ್ಷನ್ ಬೇಕಾದರೆ ಮೊದಲು ಈ ವಿಷಯ ತಿಳಿಸಿ.

ಅಲರ್ಜಿ ಮತ್ತು ಮದ್ದು ಜಾಸ್ತಿಯಾದದ್ದು

ಲಿಡೋಕೇಯ್ನ್‌ಗೆ ನಿಜವಾದ ಅಲರ್ಜಿ ತುಂಬಾ ಅಪರೂಪ. ಈ ಅಲರ್ಜಿಯ ಹೆಸರು ಬಂದದ್ದು ಹಳೆಯ ಮದ್ದಿನಿಂದ. 1884ರಲ್ಲಿ ಕೊಕೇನ್‌ನಿಂದ ಶುರುವಾದ ಈ ಕಥೆಗೆ 1905ರ ಹೊತ್ತಿಗೆ ಪ್ರೊಕೇಯ್ನ್ ಬಂತು, ಅದರಲ್ಲಿ ಅಲರ್ಜಿ ಹೆಚ್ಚು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಮಾಡಿದ ಲಿಡೋಕೇಯ್ನ್ ಬೇರೆಯದೇ ಜಾತಿ, ಆದರೆ ಹೆದರಿಕೆ ಮಾತ್ರ ಹಳೆಯದೇ ಉಳಿದುಬಿಟ್ಟಿದೆ. ಅಡ್ರಿನಲಿನ್ ಕೆಡದ ಹಾಗೆ ಸೇರಿಸುವ ಸಲ್ಫೈಟ್ ಮಾತ್ರ ಕೆಲವರಿಗೆ, ಅದರಲ್ಲೂ ಕೆಲವು ಆಸ್ತಮಾ ಇರುವವರಿಗೆ, ಆಗಿಬರುವುದಿಲ್ಲ. ಮೈಯೆಲ್ಲ ದದ್ದು, ತುರಿಕೆ, ಮುಖ ಅಥವಾ ನಾಲಿಗೆಯ ಊತ, ಉಬ್ಬಸ, ಇವು ಅಲರ್ಜಿಯ ಗುರುತು. ಬರೀ ಎದೆ ಬಡಿತ ಅಲ್ಲ. ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯದೆ ಆಂಬುಲೆನ್ಸ್. ಹಿಂದೆ ಹೀಗಾಗಿದ್ದರೆ ಅಲರ್ಜಿ ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ, ಯಾವುದಕ್ಕೆ ಅಂತ ಗೊತ್ತಾದರೆ ಬೇರೆ ಮದ್ದು ಆರಿಸಬಹುದು.

ಮದ್ದು ನೇರ ರಕ್ತಕ್ಕೆ ಹೋದರೆ ಅಥವಾ ತೂಕಕ್ಕಿಂತ ಜಾಸ್ತಿ ಆದರೆ ಕಿವಿಯಲ್ಲಿ ಗುಂಯ್ ಸದ್ದು, ಬಾಯಿಯ ಸುತ್ತ ಎರಡೂ ಕಡೆ ಜುಮುಜುಮು, ಕಬ್ಬಿಣದ ರುಚಿ, ತಡವರಿಸುವ ಮಾತು, ಸ್ನಾಯುಗಳ ಅದುರು, ಕೊನೆಗೆ ಫಿಟ್ಸ್ ತನಕ ಹೋಗಬಹುದು. ಅಪರೂಪ, ಆದರೆ ಸಣ್ಣ ಮಕ್ಕಳಲ್ಲಿ ಒಂದೇ ದಿನ ನಾಲ್ಕೂ ಕಡೆ ಕೆಲಸ ಮುಗಿಸುವ ಅವಸರ ಇದ್ದಾಗ ಲೆಕ್ಕ ತಪ್ಪುವುದು ಸುಲಭ. ಬೇರೆ ಬೇರೆ ದಿನ ಮಾಡಬಹುದಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಇಂಜೆಕ್ಷನ್ ಹಿಡಿಯಲೇ ಇಲ್ಲ ಅಂದರೆ

ಇದೂ ಒಂದು ಅನಿರೀಕ್ಷಿತ ತೊಂದರೆಯೇ. ಕೀವು ತುಂಬಿದ ಹಲ್ಲಿನ ಸುತ್ತ ಹುಳಿ ಅಂಶ ಜಾಸ್ತಿ ಇರುತ್ತದೆ, ಅಲ್ಲಿ ಮದ್ದು ನರದೊಳಗೆ ಇಳಿಯುವುದೇ ಕಷ್ಟ. ನಿಮ್ಮ ಕಲ್ಪನೆ ಅಲ್ಲ. 'ಒತ್ತಿದ್ದು ಗೊತ್ತಾಗುತ್ತಿದೆ' ಅನ್ನುವುದಕ್ಕೂ 'ನೋಯುತ್ತಿದೆ' ಅನ್ನುವುದಕ್ಕೂ ವ್ಯತ್ಯಾಸ ಇದೆ. ಮದ್ದು ನೋವನ್ನು ತಡೆಯುತ್ತದೆ, ಒತ್ತುವುದನ್ನೂ ಎಳೆಯುವುದನ್ನೂ ಪೂರ್ತಿ ತಡೆಯುವುದಿಲ್ಲ. ಯಾವುದು ಅಂತ ಸರಿಯಾಗಿ ಹೇಳಿ. ನೋವೇ ಆಗಿದ್ದರೆ ಕೈ ಎತ್ತಿ. ಇನ್ನೊಂದು ಜಾಗದಲ್ಲಿ ಕೊಡಬಹುದು, ಮದ್ದು ಬದಲಿಸಬಹುದು, ಮೊದಲು ಸೋಂಕು ಇಳಿಸಿ ಇನ್ನೊಂದು ದಿನ ಮಾಡಬಹುದು.

ಮುಂದಿನ ಸಲ

ನನ್ನ ಎರಡನೇ ಇಂಜೆಕ್ಷನ್‌ಗೆ ಬೇರೆ ಡಾಕ್ಟರ ಹತ್ತಿರ ಹೋದೆ. ಕೂರುವ ಮುಂಚೆಯೇ ಒಂದು ಚೀಟಿ ಕೊಟ್ಟೆ. ಹೋದ ಸಲ ಯಾವ ಕಡೆ, ಯಾವ ಮದ್ದು, ಎಷ್ಟು ನಿಮಿಷಕ್ಕೆ ಕಣ್ಣು ಹೋಯಿತು, ಎಷ್ಟು ಗಂಟೆಗೆ ಬಂತು ಅಂತ. ಅವರು ಓದಿ ನಕ್ಕರು, ಆದರೆ ಚೀಟಿಯನ್ನು ಫೈಲಿಗೆ ಸೇರಿಸಿದರು. ನಿಧಾನವಾಗಿ ಕೊಡಿ ಅಂದೆ. ಒಂದು ಮಿಲಿಲೀಟರ್‌ಗೆ ಒಂದು ನಿಮಿಷ ಅನ್ನುವುದು ಒಳ್ಳೆಯ ವೇಗ, ನೋವೂ ಕಮ್ಮಿ, ಎದೆ ಬಡಿತವೂ ಕಮ್ಮಿ. ಮದ್ದು ಬಿಡುವ ಮುಂಚೆ ಪಿಸ್ಟನ್ ಹಿಂದಕ್ಕೆ ಎಳೆದು ರಕ್ತ ಬರುತ್ತದಾ ಅಂತ ನೋಡುತ್ತೀರಾ ಅಂತಲೂ ಕೇಳಿದೆ. ಯಾವಾಗಲೂ ನೋಡುತ್ತೇನೆ ಅಂದರು. ಐದು ನಿಮಿಷಕ್ಕೆ ತುಟಿ ಮರಗಟ್ಟಿತು. ನಾನು ಎರಡೂ ಕಣ್ಣನ್ನು ಮಿಟುಕಿಸಿ ನೋಡಿದೆ, ಎರಡೂ ಮುಚ್ಚಿದವು. 'ಇನ್ನು ಶುರು ಮಾಡಲಾ?' ಅಂದರು.